ಯಾವ ಫೋಟೊದಲ್ಲೂ ನಾಲ್ಕೇ ಮಂದಿ

“ಕಾನಹೊಸಹಳ್ಳಿಗೆ ಹೋಗಿ ಅವ್ವನಿಗೆ ಟೂರಿನ ಫೋಟೊ ತೋರಿಸಿ ಬಂದೆ. ಅವ್ವನಿಗೆ ಕಾಣಲಿಲ್ಲ. ಸಾಫ್ಟ್‌ವೇರ್ ವಿಚಾರಿಸಬೇಕು.”

೨೦೦೬ರ ಜನವರಿ ೨೨, ಭಾನುವಾರ. ಆ ದಿನದ ನನ್ನ ಡೈರಿಯಲ್ಲಿ ಇರುವುದು ಇಷ್ಟೇ. ನಾನು ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿದವಳು. ಅಂದಿನಿಂದ ಡೈರಿ ತಪ್ಪಿಸಿದವಳಲ್ಲ. ಬರೆದಿಟ್ಟದ್ದನ್ನು ಈಗ ತಿರುವಿ ಹಾಕಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ನಮ್ಮ ಮನೆತನದಲ್ಲಿ ಯಾರು ಯಾವ ಸಣ್ಣ ಕೆಲಸ ಹಿಡಿದರೂ ಅದು ಸಣ್ಣದಾಗಿ ಮುಗಿದ ದಾಖಲೆ ಇಲ್ಲ. ಮೊಳೆ ತರಲು ಹೋದವರು ಬಾಗಿಲು ಹೊತ್ತುಕೊಂಡು ಬಂದಿದ್ದಾರೆ. ಫೋಟೊದ ವಿಷಯದಲ್ಲೂ ಹಾಗೇ ಆಯಿತು.

ನಾವು ಐದು ಮಂದಿ ಅಕ್ಕತಂಗಿಯರು. ನಾನು ಹಿರಿಯಳು, ಕೊಟ್ಟೂರಿಗೆ ಸೊಸೆಯಾಗಿ ಬಂದೆ. ಉಳಿದ ನಾಲ್ವರು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೆ ಹೋದರು. ಮದುವೆಯಾದ ಮೇಲೆ ನಮ್ಮ ಹೆಸರುಗಳು ಶಾಲೆಯ ಸರ್ಟಿಫಿಕೇಟಿನಲ್ಲಷ್ಟೇ ಉಳಿದವು. ಅವ್ವನ ಬಾಯಲ್ಲಿ ನಾವು ಕೊಟ್ಟೂರಾಕಿ, ಕೂಡ್ಲಿಗ್ಯಾಕಿ, ಬೊಮ್ಮನಹಳ್ಳ್ಯಾಕಿ, ಹಡಗಲ್ಯಾಕಿ, ಹರಪನಹಳ್ಳ್ಯಾಕಿ ಆದೆವು. ಒಂದು ಊರಿನಿಂದ ಇನ್ನೊಂದಕ್ಕೆ ಬಸ್ಸು ಬಹಳ ಹೊತ್ತು ಹಿಡಿಯುವುದಿಲ್ಲ. ಆದರೂ ಒಬ್ಬಳು ತವರಿಗೆ ಬಂದಾಗ ಇನ್ನೊಬ್ಬಳು ಹೋಗಿರುತ್ತಿದ್ದಳು. ಐವರೂ ಒಂದೇ ಹೊತ್ತಿಗೆ ಅವ್ವನ ಮುಂದೆ ಕೂತದ್ದು ಕಡೆಯವಳ ಮದುವೆಯಲ್ಲೇ. ಅಲ್ಲಿಯೂ ಅವಳು ಮಂಟಪದಲ್ಲಿದ್ದಳು, ನಾವು ಅಡುಗೆ ಕಡೆ ಇದ್ದೆವು.

ಆ ಜನವರಿಯಲ್ಲಿ ಹೇಗೋ ಐವರೂ ಕೂಡಿ, ಗಂಡಂದಿರನ್ನೂ ಮಕ್ಕಳನ್ನೂ ಬಿಟ್ಟು, ಗೋಕರ್ಣ ಮುರುಡೇಶ್ವರದ ಕಡೆ ಮೂರು ದಿನ ಹೋಗಿ ಬಂದೆವು. ಮೊದಲ ಸಲ ಸಮುದ್ರ ನೋಡಿದೆವು. ಟೂರಿನ ಬಸ್ಸು ಒಬ್ಬೊಬ್ಬರನ್ನು ಅವರವರ ಊರಿನಲ್ಲಿ ಹತ್ತಿಸಿಕೊಂಡು ಹೋಗಿ ಅವರವರ ಊರಿನಲ್ಲೇ ಇಳಿಸಿತು. ಅವ್ವನಿದ್ದ ಕಾನಹೊಸಹಳ್ಳಿ ಅದರ ದಾರಿಯಲ್ಲಿರಲಿಲ್ಲ.

ಅವ್ವನಿಗೆ ಆಗಲೇ ಒಂದು ಕಣ್ಣು ಹೋಗಿತ್ತು. ಇನ್ನೊಂದು ಕಣ್ಣೂ ನಿಧಾನಕ್ಕೆ ಮಂಜಾಗುತ್ತದೆ, ಸದ್ಯಕ್ಕೆ ದೊಡ್ಡದು, ಬೆಳಕಿನದು ಮಾತ್ರ ಕಾಣುತ್ತದೆ ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ನಾನು ಕೈಗೆ ಕೊಟ್ಟ ಫೋಟೊವನ್ನು ಅವ್ವ ಮೂಗಿಗೆ ತಾಗಿಸಿಕೊಂಡು ನೋಡಿದಳು.

“ಎಣ್ಣಿ ಹಚ್ಚಿದ ಹಪ್ಪಳದಂಗ ಮಿಂಚತೈತಿ. ಮಂದಿ ಎಲ್ಲಿ ಅದಾರ?”

“ನಾವ ಅದೀವವ್ವ.”

“ಇದ್ದೀರಂತ ನಂಗ ಗೊತ್ತೈತಿ. ಕಾಣಬೇಕಲ್ಲ? ಕಣ್ಣು ಹೋಗೋದು ಹೋಗಲಿ. ಹೋಗೋದ್ರಾಗ ನಿಮ್ಮ ಐದೂ ಮಂದೀನ ಒಂದ ಕಡಿ ನೋಡಬೇಕು ಅಂತ ಆಸಿ.”

ಫೋಟೊವನ್ನು ದೊಡ್ಡದಾಗಿ, ಬೆಳಕಾಗಿ ತೋರಿಸಬೇಕೆಂದರೆ ಪರದೆ ಬೇಕು. ಪರದೆಗೆ ಸಾಫ್ಟ್‌ವೇರ್ ಬೇಕು. ಅದು ಸರಳವಾಗಿರಬೇಕು, ಯಾರ ಹಂಗೂ ಇಲ್ಲದೆ ನಾನೇ ಮಾಡುವಂತಿರಬೇಕು ಎಂದು ನಿಶ್ಚಯಿಸಿದೆ. ನಮ್ಮ ದಲಾಲಿ ಅಂಗಡಿಯಲ್ಲಿ ಲೆಕ್ಕಕ್ಕೆಂದು ತಂದ ಕಂಪ್ಯೂಟರ್ ಇತ್ತು. ಅದಕ್ಕೆ ದಿನಾ ವಿಭೂತಿ ಹಚ್ಚುತ್ತಿದ್ದರು, ಲೆಕ್ಕವನ್ನು ಮಾತ್ರ ಕೈಯಲ್ಲೇ ಬರೆಯುತ್ತಿದ್ದರು.

೧. ಹಕ್ಕಿ ಕಾಯುವ ಸಾಫ್ಟ್‌ವೇರ್

ಕ್ಯಾಮರಾ ಬೊಮ್ಮನಹಳ್ಳಿ ತಂಗಿಯದು. ಅವಳ ಗಂಡ ಹುಬ್ಬಳ್ಳಿಯಿಂದ ತಂದದ್ದು. ಅಂಥ ಕ್ಯಾಮರಾದ ಡಬ್ಬಿಯಲ್ಲಿ ಫೋಟೊ ತಿದ್ದುವ ಸಾಫ್ಟ್‌ವೇರಿನ ಸಿಡಿ ಬಂದೇ ಇರುತ್ತದೆ ಎಂದು ಎಲ್ಲೋ ಓದಿದ್ದೆ. ಫೋನ್ ಮಾಡಿದೆ.

“ಇತ್ತಕ್ಕ. ನಮ್ಮ ಮನಿಯವರು ಹೊಲಕ್ಕ ಒಯ್ದಾರ.”

“ಹೊಲದಾಗ ಕಂಪ್ಯೂಟರ್ ಐತೇನ?”

“ಇಲ್ಲಕ್ಕ, ಜೋಳ ಐತಿ. ತೆನಿಗೆ ಹಕ್ಕಿ ಬೀಳತಾವಲ್ಲ, ಬಿಸಿಲಿಗೆ ಪಳಪಳ ಹೊಳೀತೈತಿ ಅಂತ ಕೋಲಿಗೆ ಕಟ್ಯಾರ.”

ನಾನು ಗಾಬರಿಯಾದೆ. ಅಷ್ಟರಲ್ಲಿ ಅವಳ ಗಂಡನೇ ಫೋನ್ ತೆಗೆದುಕೊಂಡ.

“ಅಕ್ಕಾರ, ಸುಮ್ಮನ ಕಟ್ಟಿಲ್ಲರಿ. ಮೊದಲು ಹಳೇ ಹಾಡಿನ ಸಿಡಿ ಮೂರು ಕಟ್ಟಿದ್ದೆ, ಒಂದು ಗುಬ್ಬಿನೂ ಹೆದರಲಿಲ್ಲ. ಇದು ಕಟ್ಟಿದಾಗಿಂದ ಆ ಮೂಲ್ಯಾಗ ಒಂದ ಹಕ್ಕಿ ಇಳಿವಲ್ದು ನೋಡ್ರಿ.”

“ಅಪ್ಪಾ, ಅದರಾಗ ಸಾಫ್ಟ್‌ವೇರ್ ಐತಿ.”

“ಅದಕ್ಕ ಅಂತೀನ್ರಿ ನಾನು, ಅದಕ್ಕ ಇಷ್ಟು ಚಲೋ ಕೆಲಸ ಮಾಡತೈತಿ!”

ಸುಗ್ಗಿಯಾದ ಮೇಲೆ ಕೊಡುತ್ತೇನೆ ಎಂದ. ಅವ್ವನ ಕಣ್ಣು ಸುಗ್ಗಿಯ ತನಕ ಕಾಯುತ್ತದೋ ಇಲ್ಲವೋ ಎಂದು ನಾನು ಬೇರೆ ಕಡೆ ಹುಡುಕಲು ಹೊರಟೆ.

೨. ಖಾಲಿ ಬಿದ್ದ ಹೃದಯ

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಕಡೆ ಒಂದು ಫೋಟೊ ಸ್ಟುಡಿಯೊ ಇತ್ತು. ಅದರ ಮಾಲೀಕ, “ಸಾಫ್ಟ್‌ವೇರ್ ನಿಮಗ್ಯಾಕ್ರಿ ಅಮ್ಮಾರ, ಅದೆಲ್ಲ ನಿಮ್ಮ ಕೈಲಿ ಆಗೂದಲ್ಲ. ನಮ್ಮಲ್ಲಿ ಐತಿ, ಮಾಡಿಕೊಡ್ತೀನಿ” ಎಂದ. “ಕೈಲಿ ಆಗೂದಲ್ಲ” ಎಂಬ ಮಾತನ್ನು ನಾನು ಡೈರಿಯಲ್ಲಿ ಬರೆದುಕೊಂಡೆ. ಆದರೂ ಅವಸರವಿದ್ದುದರಿಂದ ಹತ್ತು ಫೋಟೊ ಕೊಟ್ಟು ಬಂದೆ.

ಒಂದು ವಾರ ಬಿಟ್ಟು ಹೋದರೆ ಹತ್ತೂ ಸಿದ್ಧವಾಗಿದ್ದವು. ಆತನ ಸಾಫ್ಟ್‌ವೇರ್ ಮದುವೆ ಆಲ್ಬಮ್ಮಿನದು. ಅದಕ್ಕೆ ಮದುವೆ ಬಿಟ್ಟು ಬೇರೆ ಏನೂ ಗೊತ್ತಿರಲಿಲ್ಲ. ಸಮುದ್ರದ ಮೇಲೆ ಗುಲಾಬಿ ಉದುರುತ್ತಿತ್ತು. ಎರಡು ಬಿಳಿ ಪಾರಿವಾಳ ಹಡಗಲಿ ತಂಗಿಯ ತಲೆಯ ಮೇಲೆ ಅಕ್ಷತೆ ಹಾಕುವವರಂತೆ ನಿಂತಿದ್ದವು. ಕೂಡ್ಲಿಗಿ ತಂಗಿ ಒಬ್ಬಳೇ ನಿಂತ ಫೋಟೊ ಒಂದಿತ್ತು. ಅದರಲ್ಲಿ ಎರಡು ದೊಡ್ಡ ಹೃದಯಗಳು. ಎಡಗಡೆಯ ಹೃದಯದಲ್ಲಿ ಅವಳು, ಬಲಗಡೆಯದು ಖಾಲಿ. ಕೆಳಗೆ ಇಂಗ್ಲಿಷಿನಲ್ಲಿ ದಾಂಪತ್ಯಕ್ಕೆ ಶುಭಾಶಯ.

ಆ ಫೋಟೊವನ್ನು ಅವಳಿಗೇ ಕೊಟ್ಟೆ. ಮರುದಿನ ಅವಳ ಗಂಡನ ಫೋನ್ ಬಂತು. ಆತ ಹೈಸ್ಕೂಲ್ ಮಾಸ್ತರ, ಮಾತು ಕಡಿಮೆ.

“ಅಕ್ಕಾರ, ಟೂರಿಗೆ ಹೆಣ್ಣುಮಕ್ಕಳಷ್ಟ ಹೋಗಿದ್ರಿ ಅಲ್ಲರಿ?”

“ಹೌದಪ್ಪ, ನಾವ ಐದು ಮಂದಿ.”

“ಹಂಗಾರ ಆ ಇನ್ನೊಂದು ಯಾರಿಗೆ ಬುಕ್ ಮಾಡಿ ಇಟ್ಟಾಳ್ರಿ?”

೩. ಹಡಗಲ್ಯಾಕಿ ಒಡೆದು ಹೋದದ್ದು

ಹೊಸಪೇಟೆಯಿಂದ ಒಂದು ಸಿಡಿ ತರಿಸಿದೆ. ಒಂದೇ ಸಿಡಿಯಲ್ಲಿ ನಲವತ್ತು ಸಾಫ್ಟ್‌ವೇರ್ ಎಂದು ಅದರ ಮೇಲೆ ಬರೆದಿತ್ತು. ಹಬ್ಬದ ಎಲೆಯ ಹಾಗೆ ಎಲ್ಲವೂ ಇತ್ತು, ತಿನ್ನುವಂಥದ್ದು ಎರಡೋ ಮೂರೋ. ಅದರಲ್ಲಿ ಒಂದು, ಫೋಟೊಗಳನ್ನು ಸಾಲಾಗಿ ಜೋಡಿಸಿ ಟಿವಿಯಲ್ಲಿ ಓಡಿಸುವಂತೆ ಸಿಡಿ ಮಾಡಿ ಕೊಡುತ್ತಿತ್ತು. ನಾನೇ ಕೂತು ಮಾಡಿದೆ. ಒಂದು ಫೋಟೊ ಹೋಗಿ ಇನ್ನೊಂದು ಬರುವಾಗ ಹೇಗೆ ಬರಬೇಕೆಂದು ಅದು ಕೇಳುತ್ತಿತ್ತು. ನನಗೆ ತಿಳಿಯದ್ದಕ್ಕೆಲ್ಲ “ಹೂಂ” ಎಂದು ಒತ್ತಿದೆ.

ಕಾನಹೊಸಹಳ್ಳಿಯಲ್ಲಿ ಅವ್ವ ಇದ್ದದ್ದು ನನ್ನ ತಮ್ಮನ ಮನೆಯಲ್ಲಿ. ಕೆಳಗೆ ಅವನ ಬಟ್ಟೆ ಅಂಗಡಿ, ಮೇಲೆ ಮನೆ. ತಮ್ಮನ ಹೆಂಡತಿ ಅವ್ವನ ಕುರ್ಚಿಯನ್ನು ಟಿವಿಗೆ ತಾಗಿಸಿ ಹಾಕಿ, ಕಣ್ಣಿಗೆ ಔಷಧಿ ಬಿಟ್ಟು, ಚಹಾ ಇಡಲು ಒಳಗೆ ಹೋದಳು. ಟೂರಿಗೆ ಅವಳನ್ನೂ ಕರೆದಿದ್ದೆವು. “ನೀವು ಹೋಗಿ ಬರ್ರಿ ಅಕ್ಕಾರ, ಅತ್ತಿ ಕಣ್ಣಿಗೆ ಔಷಧಿ ಹಾಕೋರು ಯಾರು?” ಎಂದು ಉಳಿದಿದ್ದಳು.

ಮೊದಲ ಫೋಟೊ ಬಂತು. ಅವ್ವನ ಮುಖ ಅರಳಿತು.

“ಕಾಣತಾರ, ಕಾಣತಾರ! ಇಕಿ ಕೂಡ್ಲಿಗ್ಯಾಕಿ. ಇಕಿ ನೀನು. ಹರಪನಹಳ್ಳ್ಯಾಕಿ ಎಲ್ಲೆ?”

“ಅಕಿ ಫೋಟೊ ಹೊಡಿಯಾಕತ್ಯಾಳವ್ವ.”

ಎರಡನೆಯ ಫೋಟೊ.

“ಈಗ ಅಕಿ ಬಂದಳು. ಕೂಡ್ಲಿಗ್ಯಾಕಿ ಎಲ್ಲಿ ಹೋದಳು?”

“ಈಗ ಅಕಿ ಹೊಡಿಯಾಕತ್ಯಾಳ.”

ಕ್ಯಾಮರಾವನ್ನು ಪರರ ಕೈಗೆ ಕೊಡಬೇಡಿ, ತಗೊಂಡು ಓಡುತ್ತಾರೆ ಎಂದು ಬೊಮ್ಮನಹಳ್ಳಿಯವಳ ಗಂಡ ಆಣೆ ಹಾಕಿಸಿ ಕಳಿಸಿದ್ದ. ನಾವು ಪಾಳಿಯ ಮೇಲೆ ಹೊಡೆದಿದ್ದೆವು. ಹೀಗಾಗಿ ಕೂಡಿ ನಿಂತ ಯಾವ ಫೋಟೊದಲ್ಲೂ ನಾಲ್ಕೇ ಮಂದಿ. ನಾನು ಅದನ್ನು ಆಗಲೇ ಗಮನಿಸಿದ್ದು.

ಅವ್ವ ಕೈ ಕೊಡವಿದಳು. “ಒಬ್ಬಾಕಿ ಬಂದರ ಒಬ್ಬಾಕಿ ಹೋಗತೀರಿ. ಇಲ್ಲಿ ಮನಿಗೆ ಬಂದಂಗ ಅಲ್ಲಿನೂ ಮಾಡೀರಲ್ಲ!”

ಅಷ್ಟರಲ್ಲಿ ಹಡಗಲಿ ತಂಗಿಯ ಫೋಟೊ ಬಂತು. ನಾನು “ಹೂಂ” ಎಂದು ಒತ್ತಿದ್ದರ ಫಲ ಆಗ ಕಂಡಿತು. ಅವಳು ನಗುತ್ತಾ ನಿಂತವಳು ಕನ್ನಡಿ ಒಡೆದಂತೆ ಚೂರುಚೂರಾಗಿ, ಚೂರುಗಳು ಗಿರ್ರನೆ ತಿರುಗಿ ಮಾಯವಾದವು.

“ಅಯ್ಯಯ್ಯೋ! ಹಡಗಲ್ಯಾಕಿ ಒಡದು ಹೋದಳು! ಏನಾತ ನೋಡ್ರೇ ಅಕಿಗೆ!”

ಎಷ್ಟು ಹೇಳಿದರೂ ಸಮಾಧಾನವಾಗಲಿಲ್ಲ. ತಮ್ಮನ ಹೆಂಡತಿ ಓಡಿ ಬಂದು ಹಡಗಲಿಗೆ ಫೋನ್ ಹಚ್ಚಿ ಕೊಟ್ಟಳು. ಅವ್ವ ಕೇಳಿದ ಮೊದಲ ಮಾತು, “ಏವಾ, ಮೈ ಕೈ ಎಲ್ಲಾ ಬರೋಬ್ಬರಿ ಐತೇನ?”

ಅದೇ ದಿನ ಇನ್ನೊಂದು ನಡೆಯಿತು. ಹಡಗಲಿಯವಳು ಕ್ಯಾಮರಾ ಹಿಡಿದರೆ ಓರೆ. ಅವಳು ತೆಗೆದ ಸಮುದ್ರವೆಲ್ಲ ಎಡಗಡೆಗೆ ವಾಲಿತ್ತು. ಅವ್ವ ಸಮುದ್ರ ಕಂಡವಳಲ್ಲ. ಬಹಳ ಹೊತ್ತು ನೋಡಿ ಕೇಳಿದಳು.

“ಸಮುದ್ರ ಇಳಿಜಾರು ಇರತೈತೇನ?”

“ಇಲ್ಲವ್ವ, ಫೋಟೊ ವಾಲೈತಿ.”

“ಅದಕ್ಕ ಕೇಳಿದೆ. ಇಷ್ಟು ನೀರು ಹಿಂಗ ವಾಲಿದ್ದರ ಇಷ್ಟೊತ್ತಿಗೆ ನಮ್ಮ ಕಾನಹೊಸಹಳ್ಳಿ ಬಾವಿಗೆ ಬರಬೇಕಿತ್ತಲ್ಲ!”

೪. ಕೆಂಪು ತೆಂಗಿನ ಮರ

ನಾನು ಫೋಟೊ ತಿದ್ದುತ್ತಿರುವ ಸುದ್ದಿ ಐದೂ ಊರಿಗೆ ಮುಟ್ಟಿತ್ತು. ಹರಪನಹಳ್ಳಿ ತಂಗಿ ಕಡೆಯವಳು, ಮುದ್ದಿನವಳು. ಅವಳ ಫೋನ್ ಬಂತು.

“ಅಕ್ಕ, ನಾನು ಎರಡು ದಿನ ಅದೇ ಹಸಿರು ಸೀರೆ ಉಟ್ಟಿದೀನಿ. ಅವ್ವ ನೋಡಿದ್ರೆ ಏನಂದ್ಕಂತಾಳೆ, ಗಂಡನ ಮನೇಲಿ ಎರಡು ಸೀರೆಗೂ ಗತಿಯಿಲ್ವಾ ಅಂತ. ಒಂದಿನದ್ದು ಬಣ್ಣ ಬದಲು ಮಾಡು.”

ನಲವತ್ತರಲ್ಲಿ ಒಂದು ಸಾಫ್ಟ್‌ವೇರಿಗೆ ಅದು ಬರುತ್ತಿತ್ತು. ಹಸಿರನ್ನು ಕೆಂಪು ಮಾಡು ಎಂದೆ. ಮಾಡಿತು. ಸೀರೆ ಕೆಂಪಾಯಿತು, ಹಿಂದಿನ ತೆಂಗಿನ ಮರಗಳೂ ಕೆಂಪಾದವು, ನನ್ನ ಕೈಯಲ್ಲಿನ ಎಳನೀರೂ ಕೆಂಪಾಯಿತು. ಊರಿಗೇ ಬೆಂಕಿ ಬಿದ್ದಿರುವಾಗ ನಾಲ್ವರು ಹೆಂಗಸರು ಎಳನೀರು ಕುಡಿಯುತ್ತಾ ನಕ್ಕಂತೆ ಕಾಣುತ್ತಿತ್ತು. ಅವಳ ಮನೆಗೆ ಒಂದು ಪ್ರತಿ ಕಳಿಸಿ, ಇದು ಬೇಡ ಎನ್ನುತ್ತಾಳೆಂದು ಕಾದೆ.

“ಮರ ಏನಾದ್ರೂ ಆಗ್ಲಿ ಬಿಡಕ್ಕ, ಸೀರೆ ಭಾರಿ ಚೆನ್ನಾಗೈತೆ. ಅದಕ್ಕೆ ಮ್ಯಾಚಿಂಗ್ ಬ್ಲೌಸ್ ಒಂದು ಹಾಕಿಬಿಡು.”

೫. ಮಾರ್ಕಾ

ನಲವತ್ತು ಸಾಫ್ಟ್‌ವೇರುಗಳಲ್ಲಿ ನನಗೆ ಒಗ್ಗಿದ್ದು ಒಂದೇ. ಅದರಲ್ಲಿ ವಾಲಿದ ಸಮುದ್ರವನ್ನು ನೆಟ್ಟಗೆ ಮಾಡಲು ಬರುತ್ತಿತ್ತು. ಹಾಗೆ ಮಾಡಿದರೆ ತುದಿಗಳು ಕತ್ತರಿಸಿ ಹೋಗುತ್ತಿದ್ದವು, ಅದರ ಜೊತೆ ತುದಿಯಲ್ಲಿ ನಿಂತವರ ಅರ್ಧ ಮೈಯೂ ಹೋಗುತ್ತಿತ್ತು. ಆದರೂ ಹದಿನೈದು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಬಹಳಷ್ಟು ತಿದ್ದಿದೆ. ಒಂದು ದಿನ ಬೆಳಿಗ್ಗೆ ತೆರೆದರೆ ಎಲ್ಲ ಫೋಟೊಗಳ ನಟ್ಟನಡುವೆ, ನಮ್ಮೆಲ್ಲರ ಎದೆಯ ಮೇಲೆ ಹಾಯುವಂತೆ ದೊಡ್ಡ ಇಂಗ್ಲಿಷ್ ಅಕ್ಷರ: ಅವಧಿ ಮುಗಿದಿದೆ, ಹಣ ಕಟ್ಟಿ. ಅದೂ ಡಾಲರಿನಲ್ಲಿ.

ನಮ್ಮ ಯಜಮಾನರು ಹಿಂದೆ ಬಂದು ನಿಂತು ನೋಡಿದರು. ಅವರು ಬದುಕಿನಲ್ಲಿ ನೋಡಿದ್ದು ಶೇಂಗಾ ಚೀಲ, ಜೋಳದ ಚೀಲ, ಚೀಲದ ಮೇಲೆ ಬಣ್ಣದಲ್ಲಿ ಒತ್ತುವ ಅಂಗಡಿಯ ಮಾರ್ಕಾ.

“ಇದೇನ, ನಿಮ್ಮ ಅವ್ವನ ಮಾಲಿಗೆ ಬ್ಯಾರೆ ಅಂಗಡಿಯವರು ಮಾರ್ಕಾ ಹೊಡದಾರಲ್ಲ?”

“ರೊಕ್ಕ ಕಟ್ಟಿದರ ಅಳಸತಾರಂತ್ರಿ.”

“ನಾನು ಕಟ್ಟೂದಿಲ್ಲ. ನನ್ನ ಮಾರ್ಕಾದ ಚೀಲ ಅದರಾಗ ಒಂದ ಐತಿ. ಇಪ್ಪತ್ತೆಂಟು ವರ್ಷದ ಹಿಂದ ಹೊಡಸೀನಿ, ಇನ್ನೂ ಅಳಿಸಿಲ್ಲ.”

ನಕ್ಕೆ, ಆದರೆ ಒಳಗೆ ಅಳು ಬಂದಿತ್ತು. ಫೆಬ್ರವರಿ ಮುಗಿಯುತ್ತಿತ್ತು. ಅವ್ವ ಈಗ ಟಿವಿಯ ಬೆಳಕು ಇದೆ ಎನ್ನುತ್ತಾಳೆ, ಏನಿದೆ ಎನ್ನುವುದಿಲ್ಲ ಎಂದು ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದ್ದಳು.

೬. ಹೊಲದಿಂದ ಬಂದದ್ದು

ಸುಗ್ಗಿಯನ್ನು ಕಾಯದೆ ಬೊಮ್ಮನಹಳ್ಳಿಗೆ ನಾನೇ ಹೋದೆ. ತಂಗಿಯ ಗಂಡ ಮುಖ ಗಂಟು ಹಾಕಿಕೊಂಡೇ ಕೋಲಿನಿಂದ ಸಿಡಿ ಬಿಚ್ಚಿ ಕೊಟ್ಟ. ಅದರ ಒಂದು ಮಗ್ಗುಲಿಗೆ ಹಕ್ಕಿಯ ಹಿಕ್ಕೆ ಅಂಟಿತ್ತು. ಹೆದರಿದ ಹಕ್ಕಿಯದೋ ಹೆದರದ್ದೋ ಎಂದು ನಾನು ಕೇಳಲಿಲ್ಲ. ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಕಂಪ್ಯೂಟರಿಗೆ ಹಾಕಿದೆ. ಅದು ಒಂದಿಷ್ಟು ಕೊಸರಾಡಿ ತೆರೆದುಕೊಂಡಿತು.

ನಾನು ಬೇಡಿದ್ದು ಅದೇ. ದೊಡ್ಡ ಗುಂಡಿಗಳು, ಅವೂ ಕೆಲವೇ. ಗುಲಾಬಿ ಇಲ್ಲ, ಪಾರಿವಾಳ ಇಲ್ಲ, ಯಾರನ್ನೂ ಒಡೆಯುವುದಿಲ್ಲ. ನೆಟ್ಟಗೆ ಮಾಡು, ಬೆಳಕು ಮಾಡು, ಕತ್ತರಿಸು, ಅಂಟಿಸು, ತೋರಿಸು. ಅಷ್ಟೇ.

“ಕತ್ತರಿಸು, ಅಂಟಿಸು” ಎಂಬುದನ್ನು ನೋಡಿದಾಗ ನನಗೆ ವಿಚಾರ ಹೊಳೆಯಿತು. ಸಮುದ್ರದ ಮುಂದೆ ನಾವು ನಾಲ್ವರು ಸಾಲಾಗಿ ನಿಂತ ಒಳ್ಳೆಯ ಫೋಟೊ ಒಂದಿತ್ತು. ತೆಗೆದವಳು ಕೂಡ್ಲಿಗಿಯವಳು. ಹೋಟೆಲಿನ ಮುಂದೆ ಅವಳು ಮಿರ್ಚಿ ತಿನ್ನುತ್ತಾ ನಿಂತ ಇನ್ನೊಂದು ಫೋಟೊ ಇತ್ತು. ಅಲ್ಲಿಂದ ಅವಳನ್ನು ಕತ್ತರಿಸಿದೆ. ಕಸೂತಿ ಹಾಕುವ ಕೈ ನನ್ನದು, ಅಂಚು ಚೊಕ್ಕವಾಗಿ ಬಂತು. ಮಿರ್ಚಿಯನ್ನು ಮಾತ್ರ ಅವಳ ಕೈಯಿಂದ ಬಿಡಿಸಲಾಗಲಿಲ್ಲ.

ಅಂಟಿಸು ಎಂದು ಒತ್ತಿದೆ. ನಮ್ಮ ಕಂಪ್ಯೂಟರಿಗೆ ಯೋಚನೆ ಜಾಸ್ತಿ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಬಂದಳು. ಮೌಸಿನಿಂದ ಹಿಡಿದು ಎಳೆದು ತಂದು ಸಾಲಿನ ಬಲ ತುದಿಗೆ, ಹರಪನಹಳ್ಳಿಯವಳ ಪಕ್ಕಕ್ಕೆ ನಿಲ್ಲಿಸಿದೆ. ಅಂಚು ಸರಿ ಕಾಣಲೆಂದು ಫೋಟೊವನ್ನು ಬಹಳ ದೊಡ್ಡದು ಮಾಡಿಕೊಂಡಿದ್ದೆ, ಪರದೆಯಲ್ಲಿ ಬಲಭಾಗ ಮಾತ್ರ ಕಾಣುತ್ತಿತ್ತು. ಚೊಕ್ಕವಾಗಿದೆ ಎಂದು ಹಾಗೆಯೇ ಉಳಿಸಿದೆ. ಆ ದಿನದ ಡೈರಿಯಲ್ಲಿ, “ಐವರೂ ಒಂದು ಕಡೆ ಆದೆವು” ಎಂದು ಬರೆದು, ನನ್ನ ಪದ್ಧತಿಗೆ ವಿರುದ್ಧವಾಗಿ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

೭. ಅವ್ವ ಎಣಿಸಿದ್ದು

ಸಾಫ್ಟ್‌ವೇರಿಗಿಂತ ಕಷ್ಟವಾದದ್ದು ನಾಲ್ವರು ತಂಗಿಯರನ್ನು ಒಂದು ದಿನಕ್ಕೆ ಒಪ್ಪಿಸುವುದು. ಹಡಗಲಿಯವಳದು ಮಲ್ಲಿಗೆ ತೋಟ, ಮೊಗ್ಗು ಬಿಡಿಸುವವರು ಸಿಗುತ್ತಿಲ್ಲ. ಕೂಡ್ಲಿಗಿಯವಳ ಗಂಡನಿಗೆ ಪರೀಕ್ಷೆಯ ಕೆಲಸ. ಬೊಮ್ಮನಹಳ್ಳಿಯಲ್ಲಿ ರಾಶಿ. ಹರಪನಹಳ್ಳಿಯಲ್ಲಿ ಎಮ್ಮೆ ಇವತ್ತೋ ನಾಳೆಯೋ ಈಯುವಂತಿತ್ತು. ಎಲ್ಲರಿಗೂ ಒಂದೇ ಮಾತು ಹೇಳಿದೆ: “ಐದೂ ಮಂದಿದು ಫೋಟೊ ಆಗೈತಿ. ಅವ್ವ ನೋಡೂ ಹೊತ್ತಿನಾಗ ನೀವು ಇರಬೇಕು. ಆ ಮ್ಯಾಲೆ ಬಂದರ ಅಕಿಗೆ ನೀವೂ ಕಾಣೂದಿಲ್ಲ, ಫೋಟೊನೂ ಕಾಣೂದಿಲ್ಲ.” ನಾಲ್ವರೂ ಒಪ್ಪಿದರು. ಯುಗಾದಿಯ ಹಿಂದಿನ ಭಾನುವಾರ ಎಂದು ಗೊತ್ತಾಯಿತು.

ಕಂಪ್ಯೂಟರನ್ನೇ ಒಯ್ಯುವುದೆಂದು ಜೀಪು ಮಾಡಿದೆ. ಕೆಳಗೆ ಎರಡು ಕೌದಿ, ಸುತ್ತ ಖಾಲಿ ಗೋಣಿಚೀಲ. ಯಜಮಾನರು ಅಂಗಡಿಯ ಮೆಟ್ಟಿಲ ಮೇಲೆ ನಿಂತು, “ಹುಷಾರು, ಕಲ್ಲಿಗೆ ಹಾರಿಸಬ್ಯಾಡ” ಎಂದು ಡ್ರೈವರನಿಗೆ ಹೇಳಿದರು. ನಾನೂ ಜೀಪಿನಲ್ಲೇ ಕೂತಿದ್ದೆ. ಆ ಮಾತು ಯಾರ ಸಲುವಾಗಿ ಎಂದು ಕೇಳಲು ಹೋಗಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಕಿಟಕಿಗಳಿಗೆ ಕಂಬಳಿ ಕಟ್ಟಿ ಕೋಣೆ ಕತ್ತಲು ಮಾಡಿದೆವು. ಅವ್ವನ ಕುರ್ಚಿ ಪರದೆಯ ಮುಂದೆ. ನಾವು ನೆಲದ ಮೇಲೆ, ಅವಳ ಕಾಲ ಹತ್ತಿರ ಒತ್ತಿಕೊಂಡು ಕೂತೆವು. ಚಿಕ್ಕವರಿದ್ದಾಗ ಹಾಗೇ ಕೂತು ರೊಟ್ಟಿ ತಿನ್ನುತ್ತಿದ್ದೆವು. ಈಗ ಯಾರಿಗೂ ಜಾಗ ಸಾಲದು.

“ಸರಿಯೇ, ನಿನ್ನ ಮೊಣಕಾಲು ನನ್ನ ಬೆನ್ನಾಗ ಐತಿ.”

“ನನ್ನ ಮೊಣಕಾಲು ಮಡಚೂದಿಲ್ಲಕ್ಕ, ಎಲ್ಲಿ ಇಡ್ಲಿ?”

ಫೋಟೊಗಳು ಒಂದೊಂದಾಗಿ, ನಿಧಾನವಾಗಿ ಬಂದವು. ಸಮುದ್ರ ನೆಟ್ಟಗಿತ್ತು, ಯಾರೂ ಒಡೆಯಲಿಲ್ಲ. ಅವ್ವ ಸುಮ್ಮನೆ ನೋಡುತ್ತಿದ್ದಳು, ಯಾರು ಎಲ್ಲಿ ಎಂದು ಈಗ ಕೇಳುತ್ತಿರಲಿಲ್ಲ. ನಾನು ಗಂಟಲು ಸರಿ ಮಾಡಿಕೊಂಡು ಹೇಳಿದೆ.

“ಅವ್ವ, ಇದ ನೋಡು. ಐದೂ ಮಂದಿ.”

ಅವ್ವ ಮುಂದಕ್ಕೆ ಬಾಗಿ, ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಆಕಾರವನ್ನು ಮುಟ್ಟುತ್ತಾ ಎಡದಿಂದ ಎಣಿಸತೊಡಗಿದಳು.

“ಒಂದು. ಎರಡು. ಮೂರು. ನಾಲ್ಕು. ಐದು.” ಬೆರಳು ನಿಂತಿತು, ಮತ್ತೆ ಮುಂದೆ ಸರಿಯಿತು. “ಆರು.”

“ಐದವ್ವ.”

“ಆರು. ಕಣ್ಣು ಹೋಗ್ಯಾವ, ಲೆಕ್ಕ ಹೋಗಿಲ್ಲ. ನಾನು ಹಡದ ಹೆಣ್ಣು ಐದು. ಈ ಆರನೇದು ಯಾರದು?”

ನಾನು ಕನ್ನಡಕ ಏರಿಸಿ ನೋಡಿದೆ. ಬಲ ತುದಿಯಲ್ಲಿ ಕೂಡ್ಲಿಗಿಯವಳು, ಕೈಯಲ್ಲಿ ಮಿರ್ಚಿ. ಎಡ ತುದಿಯಲ್ಲಿ ಮತ್ತೊಬ್ಬ ಕೂಡ್ಲಿಗಿಯವಳು, ಕೈಯಲ್ಲಿ ಮತ್ತೊಂದು ಮಿರ್ಚಿ. ಮೊದಲ ಸಲ ಒತ್ತಿದಾಗ ಬರಲಿಲ್ಲ ಎಂದುಕೊಂಡವಳು ತಡವಾಗಿ ಬಂದು ಆ ಕಡೆ ನಿಂತುಬಿಟ್ಟಿದ್ದಳು.

ಕೋಣೆಯೆಲ್ಲ ನಗು. ಕೂಡ್ಲಿಗಿಯವಳಿಗೆ ಸಿಟ್ಟು ಬೇರೆ. “ಬಿ.ಎ. ಓದೀದಿ ಅಕ್ಕ! ನನ್ನ ಎರಡು ಮಾಡೀದಿ, ಹೋಗಲಿ. ಎರಡು ಕಡಿನೂ ತಿನ್ನಾಕ ಹಚ್ಚೀದಿ!” ಹರಪನಹಳ್ಳಿಯವಳು, “ಅದಕ್ಕೇ ಬುಕ್ ಮಾಡಿದ ಹೃದಯ ಇನ್ನೊಂದು ಖಾಲಿ ಇತ್ತು ಕಣಕ್ಕ, ಅದು ಇವಳದ್ದೇ” ಎಂದಳು. ನಕ್ಕು ನಕ್ಕು ಹಡಗಲಿಯವಳ ಮಲ್ಲಿಗೆ ದಂಡೆ ಬಿಚ್ಚಿ ಬಿತ್ತು.

ಆಗ ಕರೆಂಟು ಹೋಯಿತು.

ಪರದೆ ಆರಿತು. ಕಿಟಕಿಗೆ ಕಂಬಳಿ, ಕಣ್ಣಿಗೆ ಏನೂ ಕಾಣದು. ಎರಡು ತಿಂಗಳ ಕೆಲಸ, ಅವ್ವನಿಗೆ ಉಳಿದಿದ್ದ ಇಷ್ಟೇ ಇಷ್ಟು ದೃಷ್ಟಿ, ಐವರೂ ಬಂದ ಒಂದೇ ದಿನ. ಕಂಬಳಿ ತೆಗೆಯಲು ಎದ್ದೆ.

“ಯಾರೂ ಏಳಬ್ಯಾಡ್ರಿ. ಕೂಡ್ರಿ,” ಅಂದಳು ಅವ್ವ.

ಕೂತೆವು. ಕತ್ತಲಿನಲ್ಲಿ ಅವ್ವನ ಕೈ ನನ್ನ ತಲೆಯ ಮೇಲೆ ಬಂತು, ಕಿವಿಯ ಹತ್ತಿರ ಕನ್ನಡಕದ ಕಡ್ಡಿ ಮುಟ್ಟಿತು. “ಇದು ಕೊಟ್ಟೂರಾಕಿ. ಒಂದು.” ಕೈ ಮುಂದೆ ಹೋಯಿತು. “ಮಲ್ಲಿಗಿ ಹಡಗಲ್ಯಾಕಿ. ಎರಡು. ಈ ಕೂದಲಾ ಜ್ವರ ಬಂದಾಗ ಉದುರಿದ್ದು ತಿರುಗಿ ಬರಲೇ ಇಲ್ಲಲ್ಲ, ಕೂಡ್ಲಿಗ್ಯಾಕಿ. ಮೂರು. ಒಬ್ಬಾಕಿನ ಅದೀಯೇನ ಇಲ್ಲಿ? ಆ ಕಡಿನೂ ಅದೀಯೇನ?” ಮತ್ತೆ ನಗು. “ಬೊಮ್ಮನಹಳ್ಳ್ಯಾಕಿ, ರಾಶಿ ಧೂಳು ತಲಿ ತುಂಬ. ನಾಲ್ಕು. ಇದು ಹೊಸ ಸೀರಿ ಸೆರಗು. ಹರಪನಹಳ್ಳ್ಯಾಕಿ. ಐದು.”

ಯಾರೋ ಮೂಗು ಎಳೆದುಕೊಂಡರು, ಬಹುಶಃ ನಾನೇ. ಅವ್ವನ ಕೈ ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇನ್ನಷ್ಟು ಆಚೆಗೆ ಚಾಚಿ, ಯಾವುದೋ ತಲೆಯನ್ನು ಮುಟ್ಟಿ, ಅಲ್ಲಿಯೇ ಇದ್ದುಬಿಟ್ಟಿತು.

“ಇದು ಯಾರು?”

“ನಾನ್ರಿ ಅತ್ತಿ,” ಎಂದಳು ತಮ್ಮನ ಹೆಂಡತಿ, ಸಣ್ಣ ದನಿಯಲ್ಲಿ. ಚಹಾ ಇಡಲೇ ಎಂದು ಕೇಳಲು ಬಂದವಳು ಫೋಟೊ ನೋಡಲು ಗೋಡೆಗೆ ಒತ್ತಿ ಕೂತಿದ್ದಳಂತೆ. “ಚಾ ಇಡ್ಲೇನ್ರಿ?”

ಅವ್ವ ಅವಳ ತಲೆಯ ಮೇಲಿನ ಕೈ ತೆಗೆಯಲಿಲ್ಲ. ಕತ್ತಲಿನಲ್ಲಿ ನನ್ನ ಕಡೆ ತಿರುಗಿ ಹೇಳಿದಳು:

“ಏ ಕೊಟ್ಟೂರಾಕಿ, ಸುಮ್ಮನ ನಕ್ಕೀರಿ. ನಿನ್ನ ಕಂಪ್ಯೂಟರ್ ಬರೋಬ್ಬರಿ ಐತಿ. ಆರ ಅದಾವ.”

ಕರೆಂಟು ಸಂಜೆಯ ತನಕ ಬರಲಿಲ್ಲ. ಕಂಬಳಿ ತೆಗೆದೆವು, ಮಿರ್ಚಿ ಮಂಡಕ್ಕಿ ತಿಂದೆವು, ಕಡೆಯ ಬಸ್ಸುಗಳಿಗೆ ಒಬ್ಬೊಬ್ಬರೇ ಹೋದರು. ಆ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಅವ್ವನಿಗೆ ಬೆಳಕೂ ಹೋಯಿತು. ಮುಂದೆ ನಾವು ಆರೂ ಮಂದಿ ಆ ಕೋಣೆಯಲ್ಲಿ ಒಟ್ಟಿಗೆ ಕೂತದ್ದು ಇನ್ನೊಂದೇ ಸಲ. ಆಗ ಎಣಿಸಲು ಅವ್ವ ಇರಲಿಲ್ಲ.

ಖರ್ಚಿನ ವಿವರ ಡೈರಿಯ ಕೊನೆಯ ಪುಟದಲ್ಲಿದೆ. ಸ್ಟುಡಿಯೊದವನಿಗೆ ಮುನ್ನೂರು. ನಲವತ್ತು ಸಾಫ್ಟ್‌ವೇರಿನ ಸಿಡಿಗೆ ನೂರಾ ಇಪ್ಪತ್ತು. ಟಿವಿಗೆ ಮಾಡಿದ ಸಿಡಿಗಳಿಗೆ ಅರವತ್ತು. ಜೀಪಿಗೆ ನಾನೂರೈವತ್ತು. ಮಿರ್ಚಿ, ಮಂಡಕ್ಕಿ, ಸಕ್ಕರೆಗೆ ನೂರಾ ಹತ್ತು. ಆರು ಮಂದಿ ನಿಂತ ಆ ಫೋಟೊವನ್ನು ತಿದ್ದದೆ ಹಾಗೆಯೇ ದೊಡ್ಡದಾಗಿ ಹಾಕಿಸಿದ್ದಕ್ಕೆ, ಆರು ಪ್ರತಿ, ನೂರಾ ಎಂಬತ್ತು. ಒಟ್ಟು ಸಾವಿರದ ಇನ್ನೂರಾ ಇಪ್ಪತ್ತು ರೂಪಾಯಿ. ಕೊನೆಗೆ ಬಳಸಿದ ಸಾಫ್ಟ್‌ವೇರಿಗೆ ಏನೂ ಇಲ್ಲ. ಅದನ್ನು ಬಿಚ್ಚಿದ ಮೇಲೆ ಬೊಮ್ಮನಹಳ್ಳಿಯ ಹೊಲದ ಮೂಲೆಯಲ್ಲಿ ಹಕ್ಕಿ ತಿಂದ ಜೋಳ ಇದರಲ್ಲಿ ಸೇರಿಲ್ಲ. ಏಳನೆಯ ಪ್ರತಿ ಹಾಕಿಸಲಿಲ್ಲ, ಅವ್ವ ತನಗೆ ಬೇಡ ಎಂದಳು.